ಓದುಗನನ್ನು ತಿದ್ದಿದ ಶಾಸ್ತ್ರಗ್ರಂಥಗಳು: ಸಮಯಸಾರ, ಗೊಮ್ಮಟಸಾರ ಮತ್ತು ಕನ್ನಡ ನಾಡು

ಮಲಪ್ರಭಾ ಮತ್ತು ಘಟಪ್ರಭಾ ನದಿಗಳ ನಡುವಿನ ಎರೆಭೂಮಿಯಲ್ಲಿರುವ ಯರಗಟ್ಟಿಯಿಂದ ದಕ್ಷಿಣಕ್ಕೆ ಸಾಗಿದರೆ ಸವದತ್ತಿ ಸಿಗುತ್ತದೆ. ಇಂದು ಯಲ್ಲಮ್ಮನ ಗುಡ್ಡದಿಂದ ಹೆಸರಾಗಿರುವ ಈ ಊರು ಹಿಂದೆ ಸುಗಂಧವರ್ತಿ ಎನಿಸಿಕೊಂಡು ರಟ್ಟರ ರಾಜಧಾನಿಯಾಗಿತ್ತು. ರಾಷ್ಟ್ರಕೂಟ ಕೃಷ್ಣನ ಕಾಲದಲ್ಲಿ, ಶಕವರ್ಷ 797ರಲ್ಲಿ (ಕ್ರಿ.ಶ. 875), ರಟ್ಟ ಮನೆತನದ ಪೃಥ್ವೀರಾಮನು ಇಲ್ಲಿ ಜಿನಾಲಯಕ್ಕೆ ದತ್ತಿ ಬಿಟ್ಟ ಸಂಗತಿಯನ್ನು ಇಲ್ಲಿನ ಶಾಸನವೊಂದು ತಿಳಿಸುತ್ತದೆ. ಮೈಳಾಪತೀರ್ಥದ ಕಾರೇಯ ಗಣಕ್ಕೆ ಸೇರಿದ ಇಂದ್ರಕೀರ್ತಿ ಮುನಿಯ ಶಿಷ್ಯನೆಂದು ಆ ಶಾಸನ ಪೃಥ್ವೀರಾಮನನ್ನು ಪರಿಚಯಿಸುತ್ತದೆ. ಮಹಾಸಾಮಂತ ಪದವಿ ಅವನಿಗೆ ಬಂದದ್ದು ಆಮೇಲೆ. ಒಬ್ಬ ಅಧಿಕಾರಸ್ಥನನ್ನು ಅವನ ಗೆಲುವುಗಳಿಗಿಂತ ಮುಂಚೆ ಅವನ ವಿದ್ಯಾರ್ಥಿದೆಸೆಯಿಂದ ಗುರುತಿಸುವ ಈ ಕ್ರಮ ಗಮನಾರ್ಹವಾದುದು. ಕಲಿತದ್ದು ಮನುಷ್ಯನನ್ನು ಬೇರೊಬ್ಬನನ್ನಾಗಿ ಮಾಡುತ್ತದೆ ಎಂಬ ನಂಬಿಕೆ ಅದರ ಹಿಂದೆ ಇದೆ.

ಆದರೆ ಕಲಿಕೆ, ಅದರಲ್ಲಿಯೂ ಗ್ರಂಥದ ಓದು, ಮನುಷ್ಯನನ್ನು ನಿಜಕ್ಕೂ ಬದಲಿಸುತ್ತದೆಯೇ? ಬದಲಿಸಿದರೆ ಹೇಗೆ? ಕನ್ನಡ ಸಾಹಿತ್ಯ ಚರಿತ್ರೆ ಈ ಪ್ರಶ್ನೆಯನ್ನು ಹೆಚ್ಚಾಗಿ ಕಾವ್ಯವನ್ನು ಮುಂದಿಟ್ಟುಕೊಂಡೇ ಕೇಳಿದೆ. ಪಂಪ, ಪೊನ್ನ, ರನ್ನರ ಕೃತಿಗಳು ಓದುಗನ ಭಾವಲೋಕದಲ್ಲಿ ಏನನ್ನು ಮಾಡುತ್ತವೆ ಎಂಬ ಬಗ್ಗೆ ವಿಪುಲವಾದ ವಿಮರ್ಶೆ ಬಂದಿದೆ. ಕಥೆಯಿಲ್ಲದ, ನಾಯಕನಿಲ್ಲದ, ನೇರವಾಗಿ ತತ್ತ್ವವನ್ನು ವಿವರಿಸುವ ಶಾಸ್ತ್ರಗ್ರಂಥಗಳನ್ನು ಮಾತ್ರ ಧಾರ್ಮಿಕ ಸಾಹಿತ್ಯವೆಂಬ ತಲೆಬರಹದ ಅಡಿಯಲ್ಲಿ ಬದಿಗೆ ಸರಿಸಲಾಗಿದೆ. ಇಂಥ ಗ್ರಂಥಗಳು ಓದುಗನ ಜೀವನದೃಷ್ಟಿಯನ್ನು ಬುಡಸಮೇತ ಅಲುಗಿಸಿದ ದಾಖಲೆಗಳು ಭಾರತೀಯ ಭಾಷೆಗಳಲ್ಲಿ ಇವೆ. ಅವುಗಳಲ್ಲಿ ಅತ್ಯಂತ ಸ್ಪಷ್ಟವಾದದ್ದು 17ನೆಯ ಶತಮಾನದ ಆಗ್ರಾದ ವ್ಯಾಪಾರಿ ಬನಾರಸೀದಾಸನದು. ಅವನನ್ನು ಅಲುಗಿಸಿದ ಗ್ರಂಥ ಒಂದು, ನೆಲೆಗೆ ನಿಲ್ಲಿಸಿದ ಗ್ರಂಥ ಇನ್ನೊಂದು. ಎರಡರ ಬೇರೂ ಕನ್ನಡ ನಾಡಿನ ಜೈನಪರಂಪರೆಯಲ್ಲಿ ಇಳಿದಿದೆ ಎಂಬುದು ಕನ್ನಡ ವಿದ್ಯಾರ್ಥಿಗಳಿಗೆ ವಿಶೇಷ ಆಸಕ್ತಿಯ ವಿಷಯ.

ಕೊಂಡಕುಂದೆಯ ಆಚಾರ್ಯನ ಗ್ರಂಥ

ಮೊದಲನೆಯ ಗ್ರಂಥ ಕುಂದಕುಂದಾಚಾರ್ಯರ ‘ಸಮಯಸಾರ’. ಕುಂದಕುಂದ ಎಂಬುದು ಊರಿನಿಂದ ಬಂದ ಹೆಸರು. ಇಂದಿನ ಆಂಧ್ರಪ್ರದೇಶದ ಅನಂತಪುರ ಸೀಮೆಯಲ್ಲಿ, ಗುಂತಕಲ್ಲಿನ ಸಮೀಪದಲ್ಲಿರುವ ಕೊನಕೊಂಡ್ಲವೇ ಆ ಕೊಂಡಕುಂದೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕರ್ನಾಟಕದ ಶಾಸನಗಳಲ್ಲಿ ಕೊಂಡಕುಂದಾನ್ವಯದ ಮುನಿಗಳ ಹೆಸರು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆಚಾರ್ಯರ ಕಾಲದ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಕ್ರಿಸ್ತಶಕದ ಆರಂಭದ ಸುಮಾರು ಎಂಬುದು ಆ.ನೇ. ಉಪಾಧ್ಯೆಯವರ ನಿರ್ಣಯವಾದರೆ, ಅದಕ್ಕಿಂತ ಶತಮಾನಗಳಷ್ಟು ಈಚೆಗೆ ತರುವ ವಿದ್ವಾಂಸರೂ ಇದ್ದಾರೆ.

‘ಸಮಯಸಾರ’ ಪ್ರಾಕೃತ ಗಾಹೆಗಳ ಗ್ರಂಥ. ಅಮೃತಚಂದ್ರಾಚಾರ್ಯರು ವ್ಯಾಖ್ಯಾನಿಸಿದ ಪಾಠದಲ್ಲಿ 415 ಗಾಹೆಗಳಿವೆ. ಜಯಸೇನಾಚಾರ್ಯರ ಪಾಠದಲ್ಲಿ ಇನ್ನಷ್ಟು ಹೆಚ್ಚು. ಗ್ರಂಥದ ವಿಷಯ ಒಂದೇ: ಆತ್ಮದ ನಿಜಸ್ವರೂಪ ಯಾವುದು? ಮನುಷ್ಯ ‘ನಾನು’ ಎಂದು ತಿಳಿದಿರುವ ದೇಹ, ಕುಲ, ಸಂಪತ್ತು ಯಾವುದೂ ಆತ್ಮವಲ್ಲ. ಅವನೊಳಗೆ ಏಳುವ ರಾಗದ್ವೇಷಗಳೂ ಆತ್ಮದ ಮೂಲಸ್ವಭಾವವಲ್ಲ. ಅರಿಯುವುದೇ ಆತ್ಮದ ಸ್ವಭಾವ ಎಂಬುದನ್ನು ಆಚಾರ್ಯರು ಹಂತಹಂತವಾಗಿ ಸ್ಥಾಪಿಸುತ್ತಾರೆ. ಇದಕ್ಕೆ ಅವರು ಬಳಸುವ ದೃಷ್ಟಾಂತಗಳು ದಿನಬಳಕೆಯವು. ಮೈಗೆ ಎಣ್ಣೆ ಹಚ್ಚಿಕೊಂಡವನು ಧೂಳಿನ ನೆಲದಲ್ಲಿ ಸಾಮು ಮಾಡಿದರೆ ಮೈಗೆ ಧೂಳು ಮೆತ್ತುತ್ತದೆ. ಎಣ್ಣೆಯಿಲ್ಲದವನು ಅದೇ ನೆಲದಲ್ಲಿ ಅದೇ ಸಾಮು ಮಾಡಿದರೂ ಮೆತ್ತುವುದಿಲ್ಲ. ಧೂಳು ಮೆತ್ತಲು ಕಾರಣ ಸಾಮು ಅಲ್ಲ, ಎಣ್ಣೆ. ಹಾಗೆಯೇ ಕರ್ಮ ಅಂಟಲು ಕಾರಣ ರಾಗ.

ಈ ಗ್ರಂಥದ ತಿರುಳು ಎರಡು ನಯಗಳಲ್ಲಿದೆ. ವಸ್ತುವನ್ನು ಅದರ ಶುದ್ಧ ಸ್ವರೂಪದಲ್ಲಿ ನೋಡುವುದು ನಿಶ್ಚಯನಯ. ಸಂಬಂಧ, ಭೇದ, ಆಚರಣೆಗಳ ಮೂಲಕ ನೋಡುವುದು ವ್ಯವಹಾರನಯ. ಪೂಜೆ, ವ್ರತ, ದಾನ ಮೊದಲಾದವು ವ್ಯವಹಾರದ ನೆಲೆಗೆ ಸೇರುತ್ತವೆ. ನಿಶ್ಚಯವೇ ಪರಮಾರ್ಥವೆಂದು ಹೇಳಿದ ಆಚಾರ್ಯರು ವ್ಯವಹಾರವನ್ನು ಎಸೆದುಬಿಡಲು ಹೇಳಲಿಲ್ಲ. ಅನ್ಯಭಾಷೆಯವನಿಗೆ ಅವನ ಭಾಷೆಯಲ್ಲಿ ಹೇಳದೆ ಏನನ್ನೂ ತಿಳಿಸಲಾಗದಂತೆ, ವ್ಯವಹಾರವಿಲ್ಲದೆ ಪರಮಾರ್ಥವನ್ನು ಉಪದೇಶಿಸಲಾಗದು ಎಂಬುದು ಅವರ ಮಾತಿನ ಸಾರ. ಉನ್ನತ ನೆಲೆಯನ್ನು ಮುಟ್ಟಿದವರಿಗೆ ಶುದ್ಧನಯ, ಕೆಳಗಿನ ನೆಲೆಯಲ್ಲಿ ಇರುವವರಿಗೆ ವ್ಯವಹಾರ ಎಂಬ ವಿಂಗಡಣೆಯನ್ನೂ ಅವರು ಆರಂಭದಲ್ಲಿಯೇ ಮಾಡುತ್ತಾರೆ. ಇನ್ನೊಂದು ದೃಷ್ಟಾಂತದಲ್ಲಿ, ಧನವನ್ನು ಬಯಸುವವನು ಮೊದಲು ರಾಜನನ್ನು ಅರಿಯಬೇಕು, ಆಮೇಲೆ ನಂಬಬೇಕು, ಬಳಿಕ ಶ್ರದ್ಧೆಯಿಂದ ಸೇವಿಸಬೇಕು; ಆತ್ಮವೆಂಬ ರಾಜನ ವಿಷಯದಲ್ಲಿಯೂ ಕ್ರಮ ಅದೇ ಎನ್ನುತ್ತಾರೆ. ಅರಿಯುವುದು, ನಂಬುವುದು, ನಡೆಯುವುದು ಎಂಬ ಈ ಮೂರು ಹೆಜ್ಜೆಗಳಲ್ಲಿ ಎರಡನೆಯದಕ್ಕೇ ನಿಂತುಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬನಾರಸೀದಾಸನ ಜೀವನ ಸಾಕ್ಷಿಯಾಗಿದೆ.

ಕನ್ನಡದ ವೃತ್ತಿಕಾರರು

ಬನಾರಸೀದಾಸನಿಗಿಂತ ಸುಮಾರು ನಾಲ್ಕೂವರೆ ಶತಮಾನಗಳ ಹಿಂದೆಯೇ ‘ಸಮಯಸಾರ’ ಕನ್ನಡದ ಓದುಗರನ್ನು ತಲುಪಿತ್ತು. 12ನೆಯ ಶತಮಾನದ ಉತ್ತರಾರ್ಧದಲ್ಲಿದ್ದ ಅಧ್ಯಾತ್ಮಿ ಬಾಳಚಂದ್ರನು ‘ಸಮಯಸಾರ’, ‘ಪ್ರವಚನಸಾರ’, ‘ಪಂಚಾಸ್ತಿಕಾಯ’ಗಳಿಗೆ ಕನ್ನಡದಲ್ಲಿ ವೃತ್ತಿಗಳನ್ನು ಬರೆದನು. ಇವನು ಶ್ರವಣಬೆಳಗೊಳದ ನಯಕೀರ್ತಿ ಮುನಿಯ ಶಿಷ್ಯ. ಹೊಯ್ಸಳ ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಿಯಕ್ಕ 1181ರಲ್ಲಿ ಬೆಳಗೊಳದಲ್ಲಿ ಕಟ್ಟಿಸಿದ ಅಕ್ಕನ ಬಸದಿಯ ಶಾಸನದಲ್ಲಿ ಈ ಗುರುಶಿಷ್ಯರ ಹೆಸರುಗಳು ಬರುತ್ತವೆ. ಗಂಡ ಶಿವಭಕ್ತ, ಹೆಂಡತಿ ಜಿನಭಕ್ತೆ. ಬಾಳಚಂದ್ರನ ಸುತ್ತಲಿದ್ದ ಕನ್ನಡ ಶ್ರಾವಕಸಮಾಜ ಎಂಥದೆಂಬುದಕ್ಕೆ ಈ ಶಾಸನ ಒಂದು ಸೂಚನೆ. ಸಂಸಾರ, ಆಸ್ತಿ, ಅಧಿಕಾರಗಳ ನಡುವೆ ಇದ್ದುಕೊಂಡೇ ಧರ್ಮವನ್ನು ಅರಿಯಬಯಸಿದವರು ಅವರು.

ವೃತ್ತಿ ಎಂದರೆ ಇಂದಿನ ಅರ್ಥದ ಅನುವಾದವಲ್ಲ. ಗಾಹೆಯ ಪದಗಳನ್ನು ಬಿಡಿಸಿ, ಅನ್ವಯ ತೋರಿಸಿ, ಏಳಬಹುದಾದ ಸಂದೇಹವನ್ನು ತಾನೇ ಎತ್ತಿ ಪರಿಹರಿಸುವ ಕ್ರಮ ಅದು. ಎಲ್ಲಿ ಆಚಾರ್ಯರ ಮಾತು ನಿಶ್ಚಯದ್ದು, ಎಲ್ಲಿ ವ್ಯವಹಾರದ್ದು ಎಂಬ ಎಚ್ಚರವನ್ನು ವೃತ್ತಿಕಾರ ಓದುಗನಿಗೆ ಕೊಡುತ್ತಾನೆ. ಪ್ರಾಕೃತ ಬಾರದವನಿಗೆ ಕನ್ನಡದಲ್ಲಿ ಹೇಳುವುದೂ, ಪರಮಾರ್ಥ ನಿಲುಕದವನಿಗೆ ವ್ಯವಹಾರದ ಮೂಲಕ ಹೇಳುವುದೂ ಒಂದೇ ಬಗೆಯ ಕೆಲಸ. ಕುಂದಕುಂದರು ಕೊಟ್ಟ ಭಾಷೆಯ ದೃಷ್ಟಾಂತವನ್ನು ಕನ್ನಡದ ವೃತ್ತಿಕಾರರು ತಮ್ಮ ಕೃತಿಯಿಂದಲೇ ನಡೆಸಿ ತೋರಿಸಿದರು. ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿದಳೆಂಬ ಪ್ರಸಿದ್ಧಿಯನ್ನು ಶಾಸ್ತ್ರದಾನಕ್ಕೆ ಉದಾಹರಣೆಯಾಗಿ ಹೇಳುವುದುಂಟು. ಗ್ರಂಥವನ್ನು ಓದುಗನ ನುಡಿಗೆ ತಂದುಕೊಡುವುದೂ ಶಾಸ್ತ್ರದಾನವೇ.

ಆಗ್ರಾದ ಓದುಗ

ಬನಾರಸೀದಾಸ ಹುಟ್ಟಿದ್ದು 1586ರಲ್ಲಿ, ಜೌನಪುರದ ಶ್ರೀಮಾಲ ಜೈನ ವ್ಯಾಪಾರಿ ಮನೆತನದಲ್ಲಿ. ತಂದೆ ಖರಗಸೇನ. ಹುಡುಗನಿಗೆ ವ್ಯಾಪಾರಕ್ಕಿಂತ ಕವಿತೆಯಲ್ಲಿ ಆಸಕ್ತಿ. ಹರೆಯದಲ್ಲಿ ಶೃಂಗಾರಪ್ರಧಾನವಾದ ಸಾವಿರ ಪದ್ಯಗಳ ಒಂದು ಗ್ರಂಥವನ್ನೇ ರಚಿಸಿದ. 1605ರಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ, ಗೆಳೆಯರೊಂದಿಗೆ ಗೋಮತೀ ನದಿಯ ಸೇತುವೆಯ ಮೇಲೆ ಕುಳಿತು ಅದನ್ನು ಓದುತ್ತಿದ್ದಾಗ ಅವನಲ್ಲಿ ಒಂದು ಯೋಚನೆ ಮೂಡಿತು. ಒಂದು ಸುಳ್ಳಿಗೇ ಫಲವುಂಟೆಂದ ಮೇಲೆ, ಕಲ್ಪಿಸಿ ಬರೆದ ಇಷ್ಟು ಸುಳ್ಳಿಗೆ ಗತಿ ಏನು? ಗ್ರಂಥವನ್ನು ನದಿಗೆ ಎಸೆದುಬಿಟ್ಟ. ಹಾಳೆಗಳು ಹರಿದುಹೋದವು, ಗೆಳೆಯರು ಹಲುಬಿದರು.

ಅನಂತರದ ವರ್ಷಗಳಲ್ಲಿ ಅವನು ವ್ಯಾಪಾರಕ್ಕಾಗಿ ಆಗ್ರಾಕ್ಕೆ ಬಂದು ನಷ್ಟ ಅನುಭವಿಸಿದ. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಸಂಜೆ ‘ಮಧುಮಾಲತಿ’, ‘ಮೃಗಾವತಿ’ ಎಂಬ ಪ್ರೇಮಕಥೆಗಳನ್ನು ಜನರಿಗೆ ಓದಿ ಹೇಳುತ್ತಿದ್ದ. ಕಚೋರಿ ಮಾರುವವನೊಬ್ಬ ಅವನಿಗೆ ತಿಂಗಳುಗಟ್ಟಲೆ ಸಾಲದಲ್ಲಿಯೇ ಊಟ ಕೊಟ್ಟ. ಮೂರು ಮದುವೆಗಳಾದವು, ಒಂಬತ್ತು ಮಕ್ಕಳು ಹುಟ್ಟಿದರು, ಒಬ್ಬರೂ ಉಳಿಯಲಿಲ್ಲ.

1623ರ ಸುಮಾರಿಗೆ ಅರಥಮಲ ಢೋರ ಎಂಬ ಅಧ್ಯಾತ್ಮಾಸಕ್ತನು ‘ಸಮಯಸಾರ’ಕ್ಕೆ ರಾಜಮಲ್ಲನು ಬರೆದ ದೇಶಭಾಷೆಯ ಟೀಕೆಯನ್ನು ಬನಾರಸೀದಾಸನ ಕೈಗಿತ್ತು, ಓದಿದರೆ ಸತ್ಯ ಹೊಳೆಯುತ್ತದೆಂದು ಹೇಳಿದ. ಬನಾರಸಿ ಓದಿದ. ಅರ್ಥವಾದಷ್ಟು ಅವನನ್ನು ಆವರಿಸಿತು. ಬಾಹ್ಯಕ್ರಿಯೆಗಳೆಲ್ಲ ಆತ್ಮಕ್ಕೆ ಸಂಬಂಧಿಸಿದವಲ್ಲ ಎಂಬ ಅಂಶ ಅವನಿಗೆ ಗಟ್ಟಿಯಾಗಿ ಹಿಡಿಸಿತು. ಜಪ, ತಪ, ಸಾಮಾಯಿಕ, ಪ್ರತಿಕ್ರಮಣಗಳನ್ನು ಬಿಟ್ಟ. ದೇವರಿಗೆ ಅರ್ಪಿಸಿದ ನೈವೇದ್ಯವನ್ನೂ ತಿನ್ನತೊಡಗಿದ. ಮೂವರು ಗೆಳೆಯರೊಂದಿಗೆ ಕೋಣೆಯಲ್ಲಿ ಬತ್ತಲೆಯಾಗಿ ಓಡಾಡುತ್ತ, ತಾವು ಪರಿಗ್ರಹವಿಲ್ಲದ ಮುನಿಗಳಾದೆವೆಂದು ನಗೆಯಾಡುವ ಮಟ್ಟಕ್ಕೂ ಇಳಿದ. ಜನ ಅವನನ್ನು ‘ಖೋಸರಾಮತಿ’ ಎಂದು ಹಂಗಿಸತೊಡಗಿದರು. ಕ್ರಿಯೆಯ ಸ್ವಾದ ಹೋಯಿತು, ಆತ್ಮದ ಸ್ವಾದ ಬರಲಿಲ್ಲ ಎಂಬರ್ಥದಲ್ಲಿ ಅವನೇ ಆ ಸ್ಥಿತಿಯನ್ನು ಬಣ್ಣಿಸುತ್ತಾನೆ. ಸುಮಾರು ಹನ್ನೆರಡು ವರ್ಷಗಳ ಕಾಲ ಈ ಅತಂತ್ರ ಸ್ಥಿತಿ ಮುಂದುವರಿಯಿತು.

ಬನಾರಸಿಯನ್ನು ಬರಿಯ ಪಾಷಂಡಿಯೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಅವನು ಗ್ರಂಥವನ್ನು ಗಂಭೀರವಾಗಿ ತೆಗೆದುಕೊಂಡದ್ದರಿಂದಲೇ ಹಾಗಾದ. ಲಘುವಾಗಿ ಓದಿದವನಿಗೆ ಏನೂ ಆಗುವುದಿಲ್ಲ. ಅವನು ಗ್ರಂಥವನ್ನು ಮುಚ್ಚಿಟ್ಟು ಎಂದಿನ ಪೂಜೆಗೆ ಹೋಗುತ್ತಾನೆ. ಬನಾರಸಿಯ ದೋಷ ಇದ್ದದ್ದು ಬೇರೆ ಕಡೆ. ಗ್ರಂಥ ತೋರಿಸಿದ ಶುದ್ಧಾತ್ಮದ ಚಿತ್ರವನ್ನು ಅವನು ತನ್ನ ಈಗಿನ ಚಿತ್ರವೆಂದು ತಿಳಿದ. ತಾನು ತಲುಪಬೇಕಾದ ನೆಲೆಯನ್ನು ತಾನು ನಿಂತಿರುವ ನೆಲೆಯೆಂದು ಭಾವಿಸಿದ.

ಗೊಮ್ಮಟಸಾರ ಕಲಿಸಿದ್ದು

1635ರಲ್ಲಿ ಪಂಡಿತ ರೂಪಚಂದ ಆಗ್ರಾಕ್ಕೆ ಬಂದು ತಿಹುನಾ ಸಾಹುವಿನ ಮಂದಿರದಲ್ಲಿ ಇಳಿದುಕೊಂಡ. ಅಲ್ಲಿನ ಅಧ್ಯಾತ್ಮಗೋಷ್ಠಿಯವರು ಅವನಿಂದ ‘ಗೊಮ್ಮಟಸಾರ’ವನ್ನು ಓದಿಸಿದರು. ಬನಾರಸಿಯ ಎರಡನೆಯ ಪರಿವರ್ತನೆ ನಡೆದದ್ದು ಈ ವಾಚನದಲ್ಲಿ.

‘ಗೊಮ್ಮಟಸಾರ’ ಅಪ್ಪಟ ಕರ್ನಾಟಕದ ಗ್ರಂಥ. ಗಂಗರ ಮಂತ್ರಿಯೂ ಸೇನಾನಿಯೂ ಆಗಿ, 978ರಲ್ಲಿ ‘ಚಾವುಂಡರಾಯ ಪುರಾಣ’ವನ್ನು ಬರೆದು, ಬೆಳಗೊಳದ ಬೆಟ್ಟದ ಮೇಲೆ ಬಾಹುಬಲಿಯನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಇದನ್ನು ರಚಿಸಿದರು. ಚಾವುಂಡರಾಯನಿಗೆ ಗೊಮ್ಮಟ ಎಂಬ ಹೆಸರೂ ಇದ್ದುದರಿಂದ ಗ್ರಂಥಕ್ಕೆ ಈ ಹೆಸರು ಬಂತೆಂಬುದು ಉಪಾಧ್ಯೆಯವರ ವಾದ. ಜೀವಕಾಂಡ, ಕರ್ಮಕಾಂಡಗಳೆಂಬ ಎರಡು ಭಾಗಗಳಲ್ಲಿ ಸುಮಾರು 1700 ಗಾಹೆಗಳಿವೆ. ವಿಸ್ತಾರವಾದ ಆಗಮಜ್ಞಾನವನ್ನು ರಾಜಕಾರ್ಯದಲ್ಲಿ ಮುಳುಗಿದ್ದ ಗೃಹಸ್ಥ ಶಿಷ್ಯನೊಬ್ಬನಿಗಾಗಿ ಸಂಗ್ರಹಿಸಿಕೊಟ್ಟ ಗ್ರಂಥವಿದು. ಚಾವುಂಡರಾಯನೇ ಇದಕ್ಕೆ ದೇಶಭಾಷೆಯಲ್ಲಿ ವೃತ್ತಿ ಬರೆದನೆಂಬ ಸೂಚನೆ ಗ್ರಂಥದ ಕೊನೆಯಲ್ಲಿದೆ. ಆ ಕನ್ನಡ ವೃತ್ತಿ ಇಂದು ದೊರೆಯುವುದಿಲ್ಲ. 1359ರಲ್ಲಿ ಕೇಶವವರ್ಣಿಯು ಬರೆದ ‘ಜೀವತತ್ತ್ವಪ್ರದೀಪಿಕೆ’ ಎಂಬ ಕನ್ನಡ ವೃತ್ತಿ ಉಳಿದುಬಂದಿದೆ.

ಜೀವಕಾಂಡದ ಮೊದಲ ಪ್ರಕರಣದ ವಿಷಯ ಗುಣಸ್ಥಾನಗಳು. ಮಿಥ್ಯಾದೃಷ್ಟಿಯಿಂದ ಅಯೋಗಕೇವಲಿಯವರೆಗೆ ಜೀವದ ಸ್ಥಿತಿಯನ್ನು ಹದಿನಾಲ್ಕು ಮೆಟ್ಟಿಲುಗಳಾಗಿ ಅದು ವಿಂಗಡಿಸುತ್ತದೆ. ನಾಲ್ಕನೆಯ ಮೆಟ್ಟಿಲಲ್ಲಿ ಸಮ್ಯಗ್ದರ್ಶನ ಇದೆ, ಆದರೆ ವ್ರತವಿಲ್ಲ. ಐದನೆಯದರಲ್ಲಿ ಗೃಹಸ್ಥನಿಗೆ ಒಪ್ಪುವ ಅಣುವ್ರತಗಳಿವೆ. ಆರನೆಯದರಲ್ಲಿ ಮಹಾವ್ರತವಿದೆ, ಪ್ರಮಾದವೂ ಉಳಿದಿದೆ. ಹನ್ನೊಂದನೆಯ ಮೆಟ್ಟಿಲನ್ನು ಏರಿದವನೂ ಕೆಳಕ್ಕೆ ಜಾರುತ್ತಾನೆ, ಏಕೆಂದರೆ ಅಲ್ಲಿ ಮೋಹ ಅಡಗಿರುತ್ತದೆಯೇ ಹೊರತು ಅಳಿದಿರುವುದಿಲ್ಲ. ಸತ್ಯವನ್ನು ಕಂಡದ್ದಕ್ಕೂ ಸತ್ಯದಂತೆ ನಡೆಯುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಇಷ್ಟು ನಿಷ್ಠುರವಾಗಿ ಅಳೆದ ಗ್ರಂಥಗಳು ವಿರಳ.

ಬನಾರಸಿಗೆ ಬೇಕಾಗಿದ್ದುದು ಇದೇ ಅಳತೆ. ಗೆಳೆಯರೊಂದಿಗೆ ಕೋಣೆಯಲ್ಲಿ ಬತ್ತಲೆಯಾದಾಗ ಅವನು ನಾಲ್ಕನೆಯ ಮೆಟ್ಟಿಲನ್ನು ಮುಟ್ಟುವ ಮೊದಲೇ ಆರನೆಯದರ ವೇಷ ಹಾಕಿದ್ದ. ಯಾವ ಗುಣಸ್ಥಾನದಲ್ಲಿ ಇರುವವನಿಗೆ ಯಾವ ಕ್ರಿಯೆ ಉಚಿತ ಎಂಬುದನ್ನು ರೂಪಚಂದ ವಿವರಿಸಿದಾಗ ವ್ಯವಹಾರ ಮತ್ತು ನಿಶ್ಚಯ ಪರಸ್ಪರ ವಿರೋಧಿಗಳಲ್ಲ, ಒಂದೇ ದಾರಿಯ ಬೇರೆಬೇರೆ ಹಂತಗಳಿಗೆ ಸಂಬಂಧಿಸಿದವು ಎಂಬುದು ಅವನಿಗೆ ಹೊಳೆಯಿತು. ತನ್ನ ಸಂದೇಹ ಅಳಿಯಿತೆಂದೂ ತಾನು ಬೇರೆಯೇ ಆದೆನೆಂದೂ ಅವನು ದಾಖಲಿಸಿದ್ದಾನೆ. ಕುಂದಕುಂದರನ್ನು ಅವನು ಬಿಡಲಿಲ್ಲ. ಮರುವರ್ಷವೇ, 1636ರಲ್ಲಿ, ‘ಸಮಯಸಾರ ನಾಟಕ’ವೆಂಬ ಪದ್ಯಗ್ರಂಥವನ್ನು ಬರೆದು ಮುಗಿಸಿದ. ತನ್ನನ್ನು ಎಡವಿಸಿದ ಗ್ರಂಥಕ್ಕೇ ಅವನು ಮರಳಿದ, ಈ ಬಾರಿ ಮೆಟ್ಟಿಲುಗಳ ಅರಿವಿನೊಂದಿಗೆ; ಈ ಕೃತಿಯ ಕೊನೆಯಲ್ಲಿ ಗುಣಸ್ಥಾನಗಳ ವಿವರಣೆಯನ್ನೂ ಸೇರಿಸಿದ.

ಅರ್ಧ ಕಥೆ

1641ರಲ್ಲಿ ಬನಾರಸೀದಾಸ ‘ಅರ್ಧಕಥಾನಕ’ವನ್ನು ರಚಿಸಿದ. ಮನುಷ್ಯಾಯುಸ್ಸು ನೂರಹತ್ತು ವರ್ಷವೆಂಬ ಎಣಿಕೆಯಲ್ಲಿ ಐವತ್ತೈದು ವರ್ಷದ ತನ್ನ ಬದುಕು ಅರ್ಧ ಕಥೆ ಎಂದು ಈ ಹೆಸರು. 675 ಪದ್ಯಗಳ ಈ ಕೃತಿ ಭಾರತೀಯ ಭಾಷೆಗಳ ಅತ್ಯಂತ ಹಳೆಯ ಆತ್ಮಚರಿತ್ರೆಗಳಲ್ಲಿ ಒಂದೆಂದು ಮಾನ್ಯವಾಗಿದೆ. ಅಕ್ಬರ ತೀರಿಕೊಂಡ ಸುದ್ದಿ ಕೇಳಿ ತಾನು ಮೆಟ್ಟಿಲಿನಿಂದ ಉರುಳಿ ತಲೆ ಒಡೆದುಕೊಂಡದ್ದು, ಪೇಟೆಯ ಜನ ಹೆದರಿ ಅಂಗಡಿ ಮುಚ್ಚಿದ್ದು, ವ್ಯಾಪಾರದ ಸೋಲು, ಮಕ್ಕಳ ಸಾವು ಎಲ್ಲವೂ ಇದರಲ್ಲಿ ಇವೆ. ಕೊನೆಗೆ ತನ್ನ ಗುಣಗಳನ್ನೂ ದೋಷಗಳನ್ನೂ ಅವನು ಬೇರೆ ಬೇರೆಯಾಗಿ ಪಟ್ಟಿ ಮಾಡುತ್ತಾನೆ. 1981ರಲ್ಲಿ ಮುಕುಂದ ಲಾಠರ ಇಂಗ್ಲಿಷ್ ಅನುವಾದ ಬಂದ ಮೇಲೆ ಈ ಕೃತಿ ದೇಶದ ಹೊರಗೂ ಓದುಗರನ್ನು ಪಡೆಯಿತು.

ಹತ್ತೊಂಬತ್ತರಲ್ಲಿ ಸುಳ್ಳೆಂದು ಕಾವ್ಯವನ್ನು ನದಿಗೆಸೆದವನು ಐವತ್ತೈದರಲ್ಲಿ ನಿಜವನ್ನು ಬರೆದ. ಈ ಎರಡು ಘಟನೆಗಳ ನಡುವೆ ಇರುವುದು ಎರಡು ಶಾಸ್ತ್ರಗ್ರಂಥಗಳ ಓದು. ‘ಸಮಯಸಾರ’ ಅವನಿಗೆ ತನ್ನಿಂದ ದೂರ ನಿಂತು ತನ್ನನ್ನು ನೋಡುವುದನ್ನು ಕಲಿಸಿತು. ಹೆಸರು, ಕುಲ, ಲಾಭ, ನಷ್ಟಗಳು ‘ನಾನು’ ಅಲ್ಲವೆಂದು ಕಂಡವನಿಗೆ ಅವುಗಳನ್ನು ನಾಚಿಕೆಯಿಲ್ಲದೆ ಹೇಳಲು ಸಾಧ್ಯ. ‘ಗೊಮ್ಮಟಸಾರ’ ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ಪ್ರಾಮಾಣಿಕವಾಗಿ ಅಳೆದುಕೊಳ್ಳುವುದನ್ನು ಕಲಿಸಿತು. ಮೊದಲನೆಯದು ಇಲ್ಲದಿದ್ದರೆ ಅವನ ಬರಹ ಬರಿಯ ಗೋಳಾಗುತ್ತಿತ್ತು. ಎರಡನೆಯದು ಇಲ್ಲದಿದ್ದರೆ ಜಂಬವಾಗುತ್ತಿತ್ತು. ಆತ್ಮಚರಿತ್ರೆಯೆಂಬ ಪ್ರಕಾರ ಪಾಶ್ಚಾತ್ಯ ಸಂಪರ್ಕದಿಂದಲೇ ಬಂತೆಂದು ಪಾಠ ಹೇಳುವವರು ಈ ಹಿನ್ನೆಲೆಯನ್ನು ಗಮನಿಸಬೇಕು.

ಸದಲಗಾ ಮತ್ತು ಹುದಲಿ

ಈ ಗ್ರಂಥಪರಂಪರೆಯನ್ನು ಆಧುನಿಕ ಸಂಶೋಧನೆಯ ಬೆಳಕಿಗೆ ತಂದವರಲ್ಲಿ ಅಗ್ರಗಣ್ಯರು ಬೆಳಗಾವಿ ಜಿಲ್ಲೆಯವರೇ. ಡಾ. ಆ.ನೇ. ಉಪಾಧ್ಯೆ 1906ರಲ್ಲಿ ಸದಲಗಾದಲ್ಲಿ ಜನಿಸಿ, ಬೆಳಗಾವಿಯಲ್ಲಿ ಪ್ರೌಢಶಿಕ್ಷಣ ಪಡೆದು, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾದರು. 1935ರಲ್ಲಿ ಅವರು ಸಂಪಾದಿಸಿದ ‘ಪ್ರವಚನಸಾರ’ ಪ್ರಕಟವಾಯಿತು. ಅದರ ದೀರ್ಘ ಇಂಗ್ಲಿಷ್ ಪ್ರಸ್ತಾವನೆ ಕುಂದಕುಂದರ ಕಾಲ, ಕೃತಿ, ತತ್ತ್ವಗಳ ಅಧ್ಯಯನಕ್ಕೆ ಇಂದಿಗೂ ಆಧಾರ. 1937ರಲ್ಲಿ ಜೋಇಂದುವಿನ ‘ಪರಮಾತ್ಮಪ್ರಕಾಶ’ ಬಂತು. ಈ ಕೃತಿಗಳ ಕನ್ನಡ ವೃತ್ತಿಗಳ ಕಡೆಗೆ ವಿದ್ವಲ್ಲೋಕದ ಗಮನ ಸೆಳೆದವರೂ ಅವರೇ. ಸವದತ್ತಿಯ ಶಾಸನದಲ್ಲಿ ಕಾಣುವ ಕಾರೇಯ ಗಣ ಯಾಪನೀಯ ಸಂಘಕ್ಕೆ ಸೇರಿದ್ದು. ಆ ಸಂಘದ ಚರಿತ್ರೆಯನ್ನು ಕಟ್ಟಿಕೊಡುವುದರಲ್ಲಿಯೂ ಅವರ ಲೇಖನಗಳ ಪಾಲು ದೊಡ್ಡದು.

‘ಗೊಮ್ಮಟಸಾರ’ದ ವಿಷಯದಲ್ಲಿ ಅವರು ತಿದ್ದಿದ ಒಂದು ತಪ್ಪು ಕನ್ನಡಕ್ಕೆ ಮುಖ್ಯವಾದುದು. ಜಯಪುರದ ಪಂಡಿತ ಟೋಡರಮಲ್ಲರು 1761ರಲ್ಲಿ ಢೂಂಢಾರಿ ಭಾಷೆಯಲ್ಲಿ ಬರೆದ ‘ಸಮ್ಯಗ್ಜ್ಞಾನಚಂದ್ರಿಕೆ’ಗೆ ಸಂಸ್ಕೃತ ‘ಜೀವತತ್ತ್ವಪ್ರದೀಪಿಕೆ’ ಆಧಾರ. ಆ ಸಂಸ್ಕೃತ ಟೀಕೆ ಕೇಶವವರ್ಣಿಯದೆಂದೇ ತಿಳಿಯಲಾಗಿತ್ತು. ಅದು ಮತ್ತೊಬ್ಬ ನೇಮಿಚಂದ್ರನ ಕೃತಿಯೆಂದೂ, ಕೇಶವವರ್ಣಿಯ ಕನ್ನಡ ವೃತ್ತಿಯನ್ನು ಅನುಸರಿಸಿ ರಚಿತವಾದದ್ದೆಂದೂ ಉಪಾಧ್ಯೆ ತೋರಿಸಿಕೊಟ್ಟರು. ಎಂದರೆ ಉತ್ತರ ಭಾರತದ ಶ್ರಾವಕರು ಮನೆಮನೆಯಲ್ಲಿ ಓದಿದ ‘ಗೊಮ್ಮಟಸಾರ’ದ ವಿವರಣೆ ಕನ್ನಡದಿಂದ ಸಂಸ್ಕೃತಕ್ಕೆ, ಸಂಸ್ಕೃತದಿಂದ ಹಿಂದಿಯ ಉಪಭಾಷೆಗೆ ಹರಿದುಹೋದದ್ದು. ಕನ್ನಡ ವೃತ್ತಿಯೊಂದಿಗೆ ಅವರೂ ಕೈಲಾಶಚಂದ್ರ ಶಾಸ್ತ್ರಿಗಳೂ ಸಂಪಾದಿಸಿದ ‘ಗೊಮ್ಮಟಸಾರ’ವನ್ನು ಭಾರತೀಯ ಜ್ಞಾನಪೀಠವು 1978ರಿಂದ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಉಪಾಧ್ಯೆಯವರು 1975ರಲ್ಲಿಯೇ ನಿಧನರಾಗಿದ್ದರು. 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದ್ದು ಕನ್ನಡ ಈ ಸಾಧನೆಗೆ ಸಲ್ಲಿಸಿದ ಗೌರವ.

ಉಪಾಧ್ಯೆಯವರ ‘ಪ್ರವಚನಸಾರ’ ಮತ್ತು ‘ಪರಮಾತ್ಮಪ್ರಕಾಶ’ ಪ್ರಕಟವಾದದ್ದು ಮುಂಬಯಿಯ ರಾಯಚಂದ್ರ ಜೈನ ಶಾಸ್ತ್ರಮಾಲೆಯಲ್ಲಿ. ಕುಂದಕುಂದರ ಗ್ರಂಥಗಳನ್ನು ಆಳವಾಗಿ ಮನನ ಮಾಡಿದ್ದ ಗುಜರಾತಿನ ಶ್ರೀಮದ್ ರಾಜಚಂದ್ರರ (1867–1901) ಹೆಸರಿನ ಮಾಲೆ ಅದು. 1891ರಲ್ಲಿ ಮುಂಬಯಿಯಲ್ಲಿ ಅವರನ್ನು ಕಂಡ ಯುವ ವಕೀಲ ಮೋಹನದಾಸ ಗಾಂಧಿ, ಮುಂದೆ ದಕ್ಷಿಣ ಆಫ್ರಿಕಾದಲ್ಲಿ ಧಾರ್ಮಿಕ ಸಂದೇಹಗಳಿಗೆ ಸಿಲುಕಿದಾಗ ಅವರಿಗೆ ಪತ್ರ ಬರೆದು ಪ್ರಶ್ನೆಗಳನ್ನು ಕೇಳಿದರು. ರಾಜಚಂದ್ರರು ಉತ್ತರಗಳೊಂದಿಗೆ ಪುಸ್ತಕಗಳನ್ನೂ ಕಳುಹಿಸಿದರು. ಅವುಗಳಲ್ಲಿ ಹರಿಭದ್ರಸೂರಿಯ ‘ಷಡ್ದರ್ಶನಸಮುಚ್ಚಯ’ ಇತ್ತು. ‘ಯೋಗವಾಸಿಷ್ಠ’ದ ಮುಮುಕ್ಷುಪ್ರಕರಣ, ‘ಪಂಚೀಕರಣ’, ‘ಮಣಿರತ್ನಮಾಲೆ’ಗಳೂ ಇದ್ದವು. ಶಂಕಿಸುತ್ತಿದ್ದ ಹಿಂದೂ ಯುವಕನಿಗೆ ಜೈನ ಸಾಧಕನು ಅವನದೇ ಪರಂಪರೆಯ ಗ್ರಂಥಗಳನ್ನು ಕಳುಹಿಸಿದ್ದು ಕೇಳುವವನ ಭಾಷೆಯಲ್ಲಿಯೇ ಹೇಳಬೇಕೆಂಬ ಕುಂದಕುಂದರ ಮಾತಿಗೆ ಒಂದು ಉದಾಹರಣೆ.

ಗಾಂಧಿಯವರು ತಮ್ಮ ಮೇಲೆ ಗಾಢ ಪ್ರಭಾವ ಬೀರಿದ ಸಮಕಾಲೀನರೆಂದು ಮೂವರನ್ನು ಹೆಸರಿಸುತ್ತಾರೆ. ರಾಜಚಂದ್ರರು ಒಡನಾಟದಿಂದ, ಟಾಲ್‌ಸ್ಟಾಯ್ ಮತ್ತು ರಸ್ಕಿನ್ ತಮ್ಮ ಒಂದೊಂದು ಪುಸ್ತಕದಿಂದ. ರಸ್ಕಿನ್‌ನ ‘ಅನ್‌ಟು ದಿಸ್ ಲಾಸ್ಟ್’ ಎಂಬ ಅರ್ಥಶಾಸ್ತ್ರದ ಚಿಕ್ಕ ಪುಸ್ತಕವನ್ನು ಅವರು ಓದಿದ್ದು 1904ರಲ್ಲಿ, ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೋಗುವ ರಾತ್ರಿಯ ರೈಲಿನಲ್ಲಿ. ಅದೇ ವರ್ಷ ಫೀನಿಕ್ಸ್ ಆಶ್ರಮ ಆರಂಭವಾಯಿತು. 1908ರಲ್ಲಿ ‘ಸರ್ವೋದಯ’ವೆಂಬ ಹೆಸರಿನಲ್ಲಿ ಅದರ ಸಾರವನ್ನು ಗುಜರಾತಿಗೆ ತಂದರು. ಅರಿಯುವುದು, ನಂಬುವುದು, ನಡೆಯುವುದು ಎಂಬ ಮೂರು ಹೆಜ್ಜೆಗಳ ನಡುವೆ ಬನಾರಸಿಗೆ ಹನ್ನೆರಡು ವರ್ಷ ಬೇಕಾಯಿತು. ಗಾಂಧಿಯವರಿಗೆ ಕೆಲವು ತಿಂಗಳು ಸಾಕಾದವು.

ಆ ನಡೆಯ ಒಂದು ಗುರುತು ಯರಗಟ್ಟಿಯ ಸೀಮೆಗೆ ಹತ್ತಿರದಲ್ಲಿಯೇ ಇದೆ. ಯರಗಟ್ಟಿಗೂ ಬೆಳಗಾವಿಗೂ ನಡುವಿನ ಪ್ರದೇಶದಲ್ಲಿರುವ ಹುದಲಿ, ಕರ್ನಾಟಕ ಸಿಂಹ ಗಂಗಾಧರರಾವ್ ದೇಶಪಾಂಡೆಯವರ ಊರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಸಂಘಟಕರಾದ ದೇಶಪಾಂಡೆಯವರು ಹುದಲಿಯನ್ನು ಖಾದಿಯ ಕೇಂದ್ರವಾಗಿ ಬೆಳೆಸಿದರು. 1937ರ ಏಪ್ರಿಲ್‌ನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನಕ್ಕಾಗಿ ಗಾಂಧೀಜಿ ಅಲ್ಲಿಗೆ ಬಂದು ತಂಗಿದರು. ಉಪಾಧ್ಯೆಯವರ ‘ಪರಮಾತ್ಮಪ್ರಕಾಶ’ ಮುದ್ರಣಗೊಂಡದ್ದೂ ಆ ವರ್ಷವೇ. ಒಂದೇ ಜಿಲ್ಲೆಯಲ್ಲಿ ಒಬ್ಬರು ಆತ್ಮವಿದ್ಯೆಯ ಗ್ರಂಥದ ಪಾಠಗಳನ್ನು ಶುದ್ಧಗೊಳಿಸಿದರು. ಇನ್ನೊಂದು ಊರಿನ ಜನ ನೂಲು ತೆಗೆದರು. ಇವೆರಡಕ್ಕೂ ನೇರ ಸಂಬಂಧವಿತ್ತೆಂದು ಹೇಳಬೇಕಾಗಿಲ್ಲ. ಗ್ರಂಥವನ್ನು ತಪ್ಪಿಲ್ಲದೆ ತಿಳಿಯುವುದು, ತಿಳಿದದ್ದನ್ನು ಕೈಯಿಂದ ಮಾಡುವುದು ಇವೆರಡೂ ಓದಿನ ಭಾಗಗಳೇ ಎಂಬುದನ್ನು ಮಾತ್ರ ಈ ಎರಡು ಊರುಗಳು ನೆನಪಿಸುತ್ತವೆ.

ಬದುಕನ್ನು ಬದಲಿಸುವ ಪುಸ್ತಕ ಎಂಬ ಮಾತು ಇಂದು ಹಗುರವಾಗಿ ಬಳಕೆಯಾಗುತ್ತಿದೆ. ವ್ಯಕ್ತಿತ್ವ ವಿಕಸನದ ಪುಸ್ತಕಗಳ ರಕ್ಷಾಪುಟದಲ್ಲಿ ಅದು ಜಾಹೀರಾತಿನ ವಾಕ್ಯವಾಗಿದೆ. ಬನಾರಸೀದಾಸನ ಉದಾಹರಣೆ ಆ ಮಾತಿನ ಗಾಂಭೀರ್ಯವನ್ನೂ ಅಪಾಯವನ್ನೂ ಒಟ್ಟಿಗೆ ತೋರಿಸುತ್ತದೆ. ಗ್ರಂಥ ಓದುಗನ ಹಳೆಯ ನೆಲೆಯನ್ನು ಒಂದು ವಾರದಲ್ಲಿ ಕಿತ್ತುಹಾಕಬಲ್ಲದು. ಹೊಸ ನೆಲೆಯಲ್ಲಿ ಅವನನ್ನು ನಿಲ್ಲಿಸಲು ಇನ್ನೊಂದು ಗ್ರಂಥ, ತಿಳಿದವರ ವಿವರಣೆ ಮತ್ತು ದೀರ್ಘಕಾಲ ಬೇಕು. ಮೂಲಗ್ರಂಥದ ಮಾತನ್ನು ಓದುಗನ ಭಾಷೆಯಲ್ಲಿ, ಓದುಗನ ಮೆಟ್ಟಿಲಿಗೆ ಇಳಿಸಿ ಹೇಳುವವರು ಬೇಕು. ಬಾಳಚಂದ್ರ, ಕೇಶವವರ್ಣಿ ಮೊದಲಾದವರು ಕನ್ನಡದಲ್ಲಿ ಮಾಡಿದ್ದು ಆ ಕೆಲಸವನ್ನು. ಅವರ ವೃತ್ತಿಗಳನ್ನು ಭಾಷಾಭ್ಯಾಸದ ಸಾಮಗ್ರಿಯಾಗಿ ಮಾತ್ರ ನೋಡಿದರೆ ಸಾಲದು. ಓದುಗ ಎಡವದಂತೆ ಕೈಹಿಡಿದ ಗ್ರಂಥಗಳಾಗಿ ಅವುಗಳನ್ನು ಓದುವ ಕಾರ್ಯ ಕನ್ನಡ ಸಂಶೋಧಕರ ಮುಂದಿದೆ.